ಹಳೆ ಪಿಕಪ್‌ನ ಇಂಜಿನ್ ಇಳಿಸಿದಾಗ ಜೊತೆಗೆ ಏನೇನು ಮಾಡಿಸಬೇಕು?

ಟೊಮೆಟೊ ಸೀಸನ್ ಹತ್ತಿರ ಬಂದಾಗಲೇ ಗಾಡಿ ಕೈಕೊಡುತ್ತದೆ. ಏರಿನಲ್ಲಿ ಎಳೆಯುವುದಿಲ್ಲ, ಹಿಂದೆ ನೀಲಿ ಹೊಗೆ, ವಾರಕ್ಕೊಂದು ಲೀಟರ್ ಆಯಿಲ್ ಕುಡಿಯುತ್ತದೆ. ಮೆಕ್ಯಾನಿಕ್ ಬಂದು ಆಯಿಲ್ ಹಾಕುವ ಮುಚ್ಚಳ ತೆಗೆದರೆ ಅಲ್ಲಿಂದ ಬುಸುಬುಸು ಅಂತ ಹೊಗೆ. 'ಕಂಪ್ರೆಷನ್ ಕೆಳಗೆ ಇಳೀತಿದೆ, ಇಂಜಿನ್ ಬಿಚ್ಚಬೇಕು' ಅನ್ನುತ್ತಾರೆ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹತ್ತು ಹದಿನೈದು ವರ್ಷ ಹಳೆಯ ಬೊಲೆರೊ ಪಿಕಪ್ಪೋ ಟಾಟಾ 207ನೋ ಇಟ್ಟುಕೊಂಡವರಿಗೆ ಈ ಮಾತು ಹೊಸದಲ್ಲ. ಹೊಸ ಗಾಡಿಗೆ ಸಾಲ ಮಾಡುವ ಬದಲು ಇರುವ ಗಾಡಿಯ ಇಂಜಿನ್ ಕೆಲಸ ಮಾಡಿಸೋಣ ಅಂತ ತೀರ್ಮಾನ ಮಾಡುತ್ತೇವೆ. ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಗ್ಯಾರೇಜಿನಿಂದ ಫೋನ್ ಮೇಲೆ ಫೋನ್. ಕ್ಲಚ್ ಹಾಕ್ಲಾ? ರೇಡಿಯೇಟರ್ ಏನ್ಮಾಡ್ಲಿ? ಪಂಪ್ ಚೆಕ್ ಮಾಡಿಸ್ತೀರಾ? ಪ್ರತಿ ಫೋನಿಗೂ ಬಿಲ್ ಬೆಳೆಯುತ್ತದೆ, ನಮಗೆ ಅನುಮಾನವೂ ಬೆಳೆಯುತ್ತದೆ. ಯಾವುದು ನಿಜವಾಗಿ ಬೇಕು, ಯಾವುದು ಸುಮ್ನೆ ಹೇಳುತ್ತಿದ್ದಾರೆ ಅನ್ನುವುದು ಗೊತ್ತಾಗುವುದು ಹೇಗೆ?

ಗಾಡಿ ಬಗ್ಗೆ ಏನೂ ಗೊತ್ತಿಲ್ಲದವರಿಗೂ ತಿಳಿಯುವ ಹಾಗೆ ಬುಡದಿಂದ ನೋಡೋಣ.

## ಇಂಜಿನ್ ಕೆಲಸ ಅಂದರೆ ಏನು

ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಸಿಲಿಂಡರ್ ಒಳಗಿನ ಗಾಳಿಯನ್ನು ಪಿಸ್ಟನ್ ಒತ್ತುತ್ತದೆ. ಹದಿನಾರರಿಂದ ಇಪ್ಪತ್ತು ಪಾಲು ಜಾಗದಲ್ಲಿದ್ದ ಗಾಳಿ ಒಂದು ಪಾಲಿಗೆ ಇಳಿಯುತ್ತದೆ. ಹಾಗೆ ಒತ್ತಿದಾಗ ಗಾಳಿ 500 ಡಿಗ್ರಿಗಿಂತ ಜಾಸ್ತಿ ಕಾಯುತ್ತದೆ. ಅದರೊಳಗೆ ಡೀಸೆಲ್ ಸಿಂಪಡಿಸಿದರೆ ತಾನಾಗಿಯೇ ಉರಿಯುತ್ತದೆ. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದೆ ಅಲ್ವಾ, ಅದೇ ಲೆಕ್ಕ.

ಆ ಪಂಪಿನ ವಾಷರ್ ಸವೆದರೆ ಎಷ್ಟು ಒತ್ತಿದರೂ ಗಾಳಿ ಪಕ್ಕದಿಂದ ತಪ್ಪಿಸಿಕೊಳ್ಳುತ್ತದೆ. ಇಂಜಿನ್‌ನಲ್ಲಿ ವಾಷರ್ ಕೆಲಸ ಮಾಡುವುದು ಪಿಸ್ಟನ್ ರಿಂಗ್. ರಿಂಗ್ ಸವೆದರೆ, ಅಥವಾ ಅದು ಜಾರುವ ಸಿಲಿಂಡರ್ ಗೋಡೆ ಸವೆದರೆ, ಒತ್ತಿದ ಗಾಳಿ ಕೆಳಕ್ಕೆ ನುಗ್ಗುತ್ತದೆ, ಕೆಳಗಿನ ಆಯಿಲ್ ಮೇಲಕ್ಕೆ ಬಂದು ಉರಿಯುತ್ತದೆ. ನೀಲಿ ಹೊಗೆ ಬರುವುದು ಅದರಿಂದ.

ಇದಕ್ಕೆ ಪರಿಹಾರವೇ ನಾವು ಬೋರ್ ಕೆಲಸ ಅನ್ನುವುದು. ಬ್ಲಾಕನ್ನು, ಅಂದರೆ ಸಿಲಿಂಡರ್‌ಗಳಿರುವ ಇಂಜಿನ್ನಿನ ಮುಖ್ಯ ಭಾಗವನ್ನು, ಲೇತಿಗೆ ಕೊಟ್ಟು ಸವೆದ ಗೋಡೆಯನ್ನು ಕೊರೆದು ಸಮ ಮಾಡಿ ದೊಡ್ಡ ಸೈಜಿನ ಪಿಸ್ಟನ್ ಹಾಕುತ್ತಾರೆ, ಇಲ್ಲವೇ ಹೊಸ ಲೈನರ್ (ಸಿಲಿಂಡರಿನ ಒಳಗೋಡೆಯಾಗಿ ಕೂರುವ ಕೊಳವೆ) ಕೂರಿಸುತ್ತಾರೆ. ಪಿಸ್ಟನ್ ಮೇಲೆ ಕೆಳಗೆ ಓಡಾಡುವುದನ್ನು ಸುತ್ತಾಗಿ ಬದಲಿಸುವ ದಂಡ, ಅಂದರೆ ಕ್ರ್ಯಾಂಕ್, ಸವೆದಿದ್ದರೆ ಅದನ್ನೂ ಗ್ರೈಂಡ್ ಮಾಡಿ, ಅದಕ್ಕೆ ತಕ್ಕ ಬೇರಿಂಗ್. ಗ್ಯಾರೇಜಿನಲ್ಲಿ 'ಟೆನ್', 'ಟ್ವೆಂಟಿ' ಅಂತ ಹೇಳುವುದು ಈ ಸೈಜನ್ನು. ಟೆನ್ ಅಂದರೆ ಇಂಚಿನ ಸಾವಿರದ ಹತ್ತು ಪಾಲು, ಅಂದರೆ ಸುಮಾರು 0.25 ಮಿಲಿಮೀಟರ್. ಟ್ವೆಂಟಿ ಅಂದರೆ 0.50. ಹೆಡ್ (ಸಿಲಿಂಡರ್‌ಗಳ ಮೇಲೆ ಕೂರುವ ಭಾಗ) ಬಾಗಿದ್ದರೆ ಫೇಸಿಂಗ್, ಅಂದರೆ ಮೇಲ್ಮೈ ಸಮ, ಮಾಡಿಸುತ್ತಾರೆ, ವಾಲ್ವ್ ಕೂರಿಸುತ್ತಾರೆ.

ಇಷ್ಟೂ ಇಂಜಿನ್ ಒಳಗಿನ ಕೆಲಸ. ಆದರೆ ಇಂಜಿನ್ ಒಂದೇ ಓಡುವುದಿಲ್ಲ. ಅದಕ್ಕೆ ನೀರು, ಆಯಿಲ್, ಗಾಳಿ, ಡೀಸೆಲ್ ಬೇಕು, ಅದರ ಶಕ್ತಿ ಚಕ್ರಕ್ಕೆ ಹೋಗಲು ಕ್ಲಚ್ ಬೇಕು. ಒಳಗಿನ ಭಾಗ ಹೊಸದಾಗಿ ಸುತ್ತಲಿನದೆಲ್ಲ ಹಳೆಯದಾಗಿ ಉಳಿದರೆ, ಕೆಟ್ಟ ನೀರಿನ ಟ್ಯಾಂಕಿಗೆ ಹೊಸ ಮೋಟಾರ್ ಜೋಡಿಸಿದ ಹಾಗೆ.

## ಯಾವುದು ಬೇಕು ಅಂತ ತೀರ್ಮಾನಿಸುವುದು ಹೇಗೆ

ಬಚ್ಚಲುಮನೆಯ ಟೈಲ್ಸ್ ಕಿತ್ತಿದ್ದೀರಿ ಅಂದುಕೊಳ್ಳಿ. ಗೋಡೆಯೊಳಗೆ ಇಪ್ಪತ್ತು ವರ್ಷ ಹಳೆಯ ಜಿಐ ಪೈಪು ಕಾಣುತ್ತಿದೆ, ಇನ್ನೂ ಸೋರುತ್ತಿಲ್ಲ. ಹಾಗೇ ಬಿಟ್ಟು ಮೇಲೆ ಹೊಸ ಟೈಲ್ಸ್ ಹಾಕುತ್ತೀರಾ? ಹಾಕುವುದಿಲ್ಲ. ಪೈಪಿನ ಬೆಲೆ ದೊಡ್ಡದಲ್ಲ, ಅದನ್ನು ಮುಟ್ಟಲು ಮತ್ತೆ ಗೋಡೆ ಒಡೆಯುವ ಖರ್ಚು ದೊಡ್ಡದು.

ಗಾಡಿಯಲ್ಲೂ ಹಾಗೇ. ಪ್ರತಿ ಭಾಗಕ್ಕೂ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಮುಟ್ಟಬೇಕಾದರೆ ಮುಂದೆ ಮತ್ತೆ ಇಂಜಿನ್ನೋ ಗೇರ್‌ಬಾಕ್ಸೋ ಇಳಿಸಬೇಕಾ? ಇದು ಕೆಟ್ಟರೆ ಈಗ ಮಾಡಿಸುತ್ತಿರುವ ಹೊಸ ಇಂಜಿನ್ನೂ ಹಾಳಾಗುತ್ತಾ? ಎರಡರಲ್ಲಿ ಒಂದಕ್ಕೆ 'ಹೌದು' ಅಂತ ಬಂದರೂ ಈಗಲೇ ಮಾಡಿಸುವುದು ಲಾಭ. ಎರಡಕ್ಕೂ 'ಇಲ್ಲ' ಅಂದರೆ ಧೈರ್ಯವಾಗಿ ಮುಂದಕ್ಕೆ ಹಾಕಿ. ಫೋನ್ ಬಂದಾಗ ಮೆಕ್ಯಾನಿಕ್ಕಿಗೂ ಇದೇ ಎರಡು ಪ್ರಶ್ನೆ ಕೇಳಿ, ಒಳ್ಳೆ ಮೆಕ್ಯಾನಿಕ್ ಬೇಜಾರಿಲ್ಲದೆ ಉತ್ತರ ಕೊಡುತ್ತಾರೆ.

## ನೀರಿನ ದಾರಿ: ಹೊಸ ಇಂಜಿನ್ ಸಾಯುವುದು ಇಲ್ಲೇ

ಇದನ್ನು ಮೊದಲು ಹೇಳುವುದಕ್ಕೆ ಕಾರಣವಿದೆ. ನಮ್ಮ ಪಿಕಪ್ ಒಂದು ಸಲ ಬೋರ್ ಆದಾಗ ರೇಡಿಯೇಟರ್ ಹಳೆಯದನ್ನೇ ಹಾಕಿದೆವು. ಸೋರುತ್ತಿರಲಿಲ್ಲ, ಚೆನ್ನಾಗಿದೆ ಅಂದುಕೊಂಡೆವು. ನಾಲ್ಕೇ ತಿಂಗಳಿಗೆ ಚಿತ್ತೂರಿನಿಂದ ವಾಪಸ್ ಬರುವಾಗ ಮೊಗಿಲಿ ಘಾಟ್ ಏರಿನಲ್ಲಿ ಹೀಟ್ ಮುಳ್ಳು ಕೆಂಪಿಗೆ ಹೋಯಿತು. ಹೆಡ್ ಬಾಗಿ, ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ ಹೊಡೆಯಿತು. ರೇಡಿಯೇಟರ್ ಬಿಚ್ಚಿಸಿ ನೋಡಿದರೆ ಅರ್ಧದಷ್ಟು ಕೊಳವೆಗಳು ಒಳಗೇ ಕಟ್ಟಿಕೊಂಡಿದ್ದವು. ದುಡ್ಡು ಹೋಗಿದ್ದಕ್ಕಿಂತ, ಬಿಚ್ಚಿದ್ದಾಗಲೇ ಕೈಯಲ್ಲಿ ಹಿಡಿದು ನೋಡಿದ್ದ ವಸ್ತುವನ್ನು ಹಾಗೇ ವಾಪಸ್ ಹಾಕಿಸಿದೆವಲ್ಲ ಅನ್ನುವುದು ಇವತ್ತಿಗೂ ಕೊರೆಯುತ್ತದೆ.

ಕಟ್ಟಿಕೊಂಡಿದ್ದು ಏನು? ನಮ್ಮ ಕಡೆ ನೀರು ಸಾವಿರ ಅಡಿಗಿಂತ ಕೆಳಗಿನ ಕೊಳವೆಬಾವಿಯಿಂದ ಬರುವುದು. ಗಡಸು ನೀರು. ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಕಿಟ್ಟ ಪದರ ಪದರವಾಗಿ ಕಟ್ಟುತ್ತದಲ್ಲ, ಅದೇ ರೇಡಿಯೇಟರ್ ಕೊಳವೆಯಲ್ಲೂ ಇಂಜಿನ್ ಬ್ಲಾಕಿನ ನೀರಿನ ಜಾಗದಲ್ಲೂ ಕಟ್ಟುತ್ತದೆ. ಆ ಪದರ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಖಾಲಿ ಗಾಡಿ, ಸಮತಟ್ಟು ರಸ್ತೆ ಇದ್ದಾಗ ಗೊತ್ತೇ ಆಗುವುದಿಲ್ಲ. ಲೋಡ್ ಹಾಕಿ ಏರು ಹತ್ತಿದಾಗ ಗೊತ್ತಾಗುತ್ತದೆ.

ಹಾಗಾಗಿ ಇಂಜಿನ್ ಇಳಿಸಿದಾಗ ರೇಡಿಯೇಟರನ್ನು ರೇಡಿಯೇಟರ್ ಅಂಗಡಿಗೇ ಕಳಿಸಿ. ಸುಮ್ನೆ ಪೈಪಿನಲ್ಲಿ ನೀರು ಬಿಟ್ಟು ತೊಳೆದರೆ ಆಗುವುದಿಲ್ಲ. ಹಿತ್ತಾಳೆ ತಾಮ್ರದ ಹಳೆ ರೇಡಿಯೇಟರ್ ಆದರೆ ಮೇಲಿನ ಟ್ಯಾಂಕ್ ಬಿಚ್ಚಿ ಕೊಳವೆಗಳಿಗೆ ಕಡ್ಡಿ ಹಾಕಿ ಶುಚಿ ಮಾಡಬಹುದು. ಅಲ್ಯೂಮಿನಿಯಂ, ಪ್ಲಾಸ್ಟಿಕ್ ಟ್ಯಾಂಕಿನದು ಆದರೆ ಹೊಸದೇ ಹಾಕುವುದು ಒಳ್ಳೆಯದು.

ಇದರ ಜೊತೆಗೆ ವಾಟರ್ ಪಂಪ್. ಅದರ ಸೀಲು, ಬೇರಿಂಗು ಎರಡೂ ಹಳೆಯದಾಗಿರುತ್ತವೆ. ಎಲ್ಲ ಹೋಸ್ ಪೈಪುಗಳನ್ನೂ ಬದಲಾಯಿಸಿ. ಹಿಸುಕಿದರೆ ಗಟ್ಟಿಯಾಗಿಯೋ ತೀರಾ ಮೆತ್ತಗಾಗಿಯೋ ಇರುವ ಪೈಪು ಯಾವಾಗ ಬೇಕಾದರೂ ಒಡೆಯುತ್ತದೆ. ಬ್ಲಾಕಿನ ಪಕ್ಕದಲ್ಲಿ ದುಂಡನೆಯ ತಗಡಿನ ಮುಚ್ಚಳಗಳಿರುತ್ತವೆ, ವೆಲ್ಶ್ ಪ್ಲಗ್ ಅಂತಾರೆ, ಕೆಲವು ಕಡೆ ಡಮ್ಮಿ ಅಂತಾರೆ. ಒಳಗಿನಿಂದ ತುಕ್ಕು ಹಿಡಿದು ತೂತಾಗುತ್ತವೆ. ಬೆಲೆ ಕಡಿಮೆ, ಆದರೆ ಕೆಲವು ಗೇರ್‌ಬಾಕ್ಸ್ ಹಿಂದೆ ಅಡಗಿರುತ್ತವೆ. ಇಂಜಿನ್ ಕೆಳಗಿದ್ದಾಗಲೇ ಎಲ್ಲವನ್ನೂ ಹೊಸದು ಹಾಕಿಸಿ.

ಇನ್ನು ಥರ್ಮೋಸ್ಟಾಟ್. ಇದು ನೀರಿನ ದಾರಿಯ ಬಾಗಿಲು. ಇಂಜಿನ್ ತಣ್ಣಗಿದ್ದಾಗ ಮುಚ್ಚಿಕೊಂಡಿದ್ದು ಸುಮಾರು 80 ಡಿಗ್ರಿ ದಾಟಿದ ಮೇಲೆ ತೆರೆಯುತ್ತದೆ. 'ನಮ್ಮ ಬಿಸಿಲಿಗೆ ಇದು ಬೇಡ' ಅಂತ ಕಿತ್ತು ಬಿಸಾಡುವ ಅಭ್ಯಾಸ ಬಹಳ ಕಡೆ ಇದೆ. ದಯವಿಟ್ಟು ಬೇಡ. ಇಂಜಿನ್ ಸರಿಯಾದ ಬಿಸಿಗೆ ಬರದೆ ಓಡಿದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಉಳಿದದ್ದು ಆಯಿಲ್‌ಗೆ ಸೇರುತ್ತದೆ, ಹೊಸ ರಿಂಗ್ ಬೇಗ ಸವೆಯುತ್ತದೆ. ಹಳೆಯದನ್ನು ಬಿಸಿ ನೀರಿನ ಪಾತ್ರೆಯಲ್ಲಿ ಹಾಕಿ ಕುದಿಸಿದರೆ ಬಾಯಿ ತೆರೆಯುತ್ತದೋ ಇಲ್ಲವೋ ಮನೆಯಲ್ಲೇ ನೋಡಬಹುದು.

ರೇಡಿಯೇಟರ್ ಮುಚ್ಚಳ ಕೂಡ ಬರೀ ಮುಚ್ಚಳ ಅಲ್ಲ. ಪ್ರೆಷರ್ ಕುಕ್ಕರಿನ ವೆಯಿಟ್ ಇದ್ದ ಹಾಗೆ. ಒಳಗೆ ಒತ್ತಡ ಹಿಡಿದಿಟ್ಟುಕೊಂಡರೆ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 0.9 ಬಾರ್ ಒತ್ತಡದ ಮುಚ್ಚಳ ಇದ್ದರೆ ಸುಮಾರು 120ರ ತನಕ ತಡೆಯುತ್ತದೆ. ಸ್ಪ್ರಿಂಗ್ ಸೋತ ಮುಚ್ಚಳದಿಂದ ನೀರು ಬೇಗ ಕುದಿದು ಹೊರಗೆ ಚೆಲ್ಲುತ್ತದೆ. ಹೊಸದು ಹಾಕಿ, ಅದೇ ಒತ್ತಡದ್ದು. ಕೊನೆಗೆ ತುಂಬುವಾಗ ಕೊಳವೆಬಾವಿ ನೀರು ಬೇಡ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಬೆರೆಸಿ ಹಾಕಿ. ಕೂಲೆಂಟ್ ಅಂದರೆ ಚಳಿ ದೇಶದವರಿಗೆ ಮಾತ್ರ ಅಂತ ಕೆಲವರು ತಿಳಿದಿದ್ದಾರೆ, ಅದು ತುಕ್ಕನ್ನೂ ತಡೆಯುತ್ತದೆ, ಕುದಿಯುವ ಬಿಂದುವನ್ನೂ ಏರಿಸುತ್ತದೆ.

## ಆಯಿಲ್ ದಾರಿ

ಕ್ರ್ಯಾಂಕ್ ಮತ್ತು ಬೇರಿಂಗ್ ನಡುವೆ ಇರುವ ಸಂದು ಸುಮಾರು ಒಂದು ತಲೆಗೂದಲಿನ ದಪ್ಪ. ಆ ಸಂದಿನಲ್ಲಿ ಆಯಿಲ್ ಪದರ ಇರುವುದರಿಂದಲೇ ಲೋಹಕ್ಕೆ ಲೋಹ ತಾಗುವುದಿಲ್ಲ. ಅಲ್ಲಿಗೆ ಮರಳಿನ ಕಣದಷ್ಟು ಕಬ್ಬಿಣದ ಚೂರು ಬಂದರೂ ಹೊಸ ಬೇರಿಂಗ್ ಮೇಲೆ ಗೀರು ಬೀಳುತ್ತದೆ.

ಹಳೆ ಬೇರಿಂಗ್ ಸವೆದು ಉದುರಿದ ಪುಡಿ ಎಲ್ಲಿ ಹೋಗಿರುತ್ತದೆ? ಸ್ವಲ್ಪ ಫಿಲ್ಟರಿಗೆ, ಸ್ವಲ್ಪ ಕೆಳಗೆ ಆಯಿಲ್ ನಿಲ್ಲುವ ಚೇಂಬರಿಗೆ, ಉಳಿದದ್ದು ಆಯಿಲ್ ಓಡಾಡುವ ತೂತುಗಳಿಗೆ. ಆಯಿಲ್ ಕೂಲರ್ ಇರುವ ಇಂಜಿನ್ ಆದರೆ ಅದರ ಸಂದುಗೊಂದಿಗಳಲ್ಲೂ ಕೂತಿರುತ್ತದೆ. ಲೇತಿನಲ್ಲಿ ಬೋರ್ ಮಾಡಿದ ಪುಡಿ ಬೇರೆ. ಅದಕ್ಕೆ ಬ್ಲಾಕ್ ವಾಪಸ್ ಬಂದ ಮೇಲೆ ಆಯಿಲ್ ದಾರಿಯ ಪ್ಲಗ್‌ಗಳನ್ನು ಬಿಚ್ಚಿ, ಉದ್ದನೆಯ ಬ್ರಷ್ ಹಾಕಿ ತೊಳೆದು, ಗಾಳಿ ಹೊಡೆಯಬೇಕು. ಸಿಲಿಂಡರ್ ಗೋಡೆಯನ್ನು ಸೋಪಿನ ನೀರಿನಲ್ಲಿ ಉಜ್ಜಿ, ಬಿಳಿ ಬಟ್ಟೆಯಲ್ಲಿ ಒರೆಸಿದರೆ ಕಪ್ಪಾಗಬಾರದು. ಒಣಗಿದ ತಕ್ಷಣ ಆಯಿಲ್ ಹಚ್ಚಬೇಕು, ಇಲ್ಲವಾದರೆ ಸ್ವಲ್ಪ ಹೊತ್ತಿಗೇ ತುಕ್ಕು ಕೂರುತ್ತದೆ. ಇದು ಪಾರ್ಟ್ ಅಲ್ಲ, ಬಿಲ್ಲಿನಲ್ಲೂ ಕಾಣುವುದಿಲ್ಲ, ಆದರೆ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಕಡಿಮೆ. ಆ ಹೊತ್ತಿಗೆ ಗ್ಯಾರೇಜಿನಲ್ಲಿ ನೀವೇ ನಿಂತು ನೋಡಿದರೆ ಒಳ್ಳೆಯದು.

ಆಯಿಲ್ ಪಂಪನ್ನು ಅಳತೆ ಮಾಡಿಸಿ, ಸವೆದಿದ್ದರೆ ಹೊಸದು. ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಫ್ಯಾನು) ಇರುವ ಗಾಡಿ ಆದರೆ ಅದರ ಆಯಿಲ್ ಪೈಪನ್ನು ಮರೆಯಬೇಡಿ. ಟರ್ಬೊ ನಿಮಿಷಕ್ಕೆ ಲಕ್ಷ ಸುತ್ತಿಗಿಂತ ಜಾಸ್ತಿ ತಿರುಗುತ್ತದೆ, ಅದಕ್ಕೆ ಆಯಿಲ್ ಹೋಗುವುದು ಒಂದು ಸಣ್ಣ ಪೈಪಿನಲ್ಲಿ, ಅದರ ಒಳಗೆ ಆಯಿಲ್ ಸುಟ್ಟು ಇದ್ದಿಲಿನ ಹಾಗೆ ಕಟ್ಟಿಕೊಂಡಿರುತ್ತದೆ. ಹಳೆ ಟರ್ಬೊ ಒಡೆದಿದ್ದರೆ ಆ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಒಳಗೂ ಆಯಿಲ್, ಲೋಹದ ಚೂರು ಉಳಿದಿರುತ್ತವೆ. ತೊಳೆಯದೆ ಹಾಕಿದರೆ ಅವು ನೇರವಾಗಿ ಹೊಸ ಸಿಲಿಂಡರಿಗೇ ಹೋಗುತ್ತವೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಡೀಸೆಲ್ ಗಾಡಿಯಲ್ಲಿ ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ (ಗಾಳಿಯಿಲ್ಲದ ಎಳೆತ) ತಾನಾಗಿ ಸಿಗುವುದಿಲ್ಲ, ಅದಕ್ಕೊಂದು ಪಂಪ್ ಇರುತ್ತದೆ. ನಮ್ಮ ಅನೇಕ ಹಳೆ ಗಾಡಿಗಳಲ್ಲಿ ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹಿಂಭಾಗಕ್ಕೇ ಅಂಟಿಕೊಂಡಿರುತ್ತದೆ. ಅದು ನಯವಾಗಿ ತಿರುಗಲು ಇಂಜಿನ್ ಆಯಿಲ್ಲೇ ರಬ್ಬರ್ ಪೈಪಿನಲ್ಲಿ ಬರುತ್ತದೆ. ಆ ಪೈಪು ಒಡೆದರೆ ಓಡುವಾಗಲೇ ಇಂಜಿನ್ ಆಯಿಲ್ ರಸ್ತೆಗೆ ಸುರಿದು ಹೋಗುತ್ತದೆ. ಡ್ರೈವರ್ ಆಯಿಲ್ ದೀಪ ನೋಡುವಷ್ಟರಲ್ಲಿ ಬೇರಿಂಗ್ ಹಿಡಿದುಕೊಂಡಿರುತ್ತದೆ. ಕಡಿಮೆ ಬೆಲೆಯ ಪೈಪು. ಬದಲಾಯಿಸಿ.

## ಕ್ಲಚ್ ಮತ್ತು ಹಿಂದಿನ ಸೀಲ್

ಕ್ಲಚ್ ಇರುವುದು ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಮಧ್ಯೆ. ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸ್ ಇಳಿಸಲೇಬೇಕು. ಈಗ ಎರಡೂ ಬೇರೆ ಬೇರೆಯಾಗಿ ನೆಲದ ಮೇಲೆ ಕೂತಿವೆ. ಕ್ಲಚ್ ಪ್ಲೇಟಿನಲ್ಲಿ ಅರ್ಧ ಜೀವ ಉಳಿದಿದ್ದರೂ ಈಗಲೇ ಹಾಕಿಬಿಡಿ. ಹೊಸ ಇಂಜಿನ್ನಿನ ಎಳೆತ ಜಾಸ್ತಿ ಇರುತ್ತದೆ, ಸೋತ ಇಂಜಿನ್ ಕೈಯಲ್ಲಿ ಜಾರದೆ ನಿಂತಿದ್ದ ಕ್ಲಚ್ ಈಗ ಜಾರಲು ಶುರು ಮಾಡುವುದೂ ಉಂಟು. ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಒಟ್ಟಿಗೆ. ಕ್ಲಚ್ ಒತ್ತಿ ಕೂರುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಮೇಲೆ ಸುಟ್ಟ ನೀಲಿ ಕಲೆ, ಬಿರುಕು ಇದ್ದರೆ ಲೇತಿನಲ್ಲಿ ಫೇಸಿಂಗ್. ಕ್ರ್ಯಾಂಕಿನ ತುದಿಯಲ್ಲಿ ಕೂರುವ ಪೈಲಟ್ ಬೇರಿಂಗ್ ಚಿಕ್ಕದು, ಅದನ್ನು ಬಿಟ್ಟರೆ ಆಮೇಲೆ ಕ್ಲಚ್ ಒತ್ತಿದಾಗೆಲ್ಲ ಕಿರ್ರೆನ್ನುತ್ತದೆ.

ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಕೆಲವು ನೂರು ರೂಪಾಯಿಯ ವಸ್ತು. ಅದು ಸೋರಿದರೆ ಆಯಿಲ್ ನೇರವಾಗಿ ಹೊಸ ಕ್ಲಚ್ ಮೇಲೆ ಬೀಳುತ್ತದೆ. ಗೇರ್‌ಬಾಕ್ಸಿನ ಮುಂದಿನ ಸೀಲೂ ಅದೇ ಕೆಲಸ ಮಾಡುತ್ತದೆ, ಎದುರು ಕಡೆಯಿಂದ. ಎರಡನ್ನೂ ಹಾಕಿಸಿ, ಗೇರ್ ಆಯಿಲ್ ಹೊಸದು ತುಂಬಿ.

## ಗಾಳಿ ಮತ್ತು ಡೀಸೆಲ್

ಹೊಲದ ದಾರಿಯಲ್ಲಿ ಓಡುವ ಗಾಡಿಯ ದೊಡ್ಡ ಶತ್ರು ಧೂಳು. ಮಣ್ಣಿನ ಧೂಳಿನಲ್ಲಿ ಮರಳಿನ ಅಂಶ ಇರುತ್ತದೆ, ಅದು ಕಬ್ಬಿಣಕ್ಕಿಂತ ಗಟ್ಟಿ. ಏರ್ ಫಿಲ್ಟರ್ ಹೊಸದೇ ಇರಬಹುದು, ಆದರೆ ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪಿನ ಮಡಿಕೆಯಲ್ಲಿ ಬಿರುಕಿದ್ದರೆ ಧೂಳು ಅಲ್ಲಿಂದಲೇ ಒಳಗೆ. ಬಹಳ ಇಂಜಿನ್‌ಗಳು ಎರಡನೇ ಸಲ ಬೋರಿಗೆ ಬರುವುದು ಈ ಒಂದು ಬಿರುಕಿನಿಂದ. ಪೈಪನ್ನು ಎಳೆದು ಬಗ್ಗಿಸಿ ನೋಡಿ, ಅನುಮಾನ ಬಂದರೆ ಬದಲಾಯಿಸಿ.

ಡೀಸೆಲ್ ಕಡೆ ಮುಖ್ಯವಾದದ್ದು ನಾಜಲ್. ಅದರ ಕೆಲಸ ಡೀಸೆಲನ್ನು ಮಂಜಿನ ಹಾಗೆ ಸಿಂಪಡಿಸುವುದು. ಔಷಧಿ ಹೊಡೆಯುವ ಸ್ಪ್ರೇಯರಿನ ನಾಜಲ್ ಹಾಳಾದರೆ ಎಲೆ ಮೇಲೆ ಮಂಜು ಬೀಳುವ ಬದಲು ಹನಿಹನಿಯಾಗಿ ಸುರಿಯುತ್ತದಲ್ಲ, ಇಲ್ಲೂ ಹಾಗೇ ಆಗುತ್ತದೆ. ಸುರಿದ ಡೀಸೆಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಹಾಕುತ್ತದೆ, ಇಲ್ಲವೇ ಪಿಸ್ಟನ್ ತಲೆಯ ಒಂದೇ ಜಾಗದಲ್ಲಿ ಉರಿದು ಅಲ್ಲಿ ತೂತು ಮಾಡುತ್ತದೆ. ಹೊಸ ಪಿಸ್ಟನ್ ಹಾಕಿ ಹಳೆ ನಾಜಲ್ ಬಿಡುವುದು ಅಪಾಯ. ನಾಜಲ್‌ಗಳನ್ನೂ ಪಂಪನ್ನೂ ಡೀಸೆಲ್ ಪಂಪ್ ಸರ್ವಿಸ್‌ನಲ್ಲಿ ಟೆಸ್ಟ್ ಮಾಡಿಸಿ. ಕಾಮನ್ ರೇಲ್ (ಎಲ್ಲ ನಾಜಲ್‌ಗಳಿಗೂ ಒಂದೇ ಪೈಪಿನಿಂದ ಭಾರಿ ಒತ್ತಡದ ಡೀಸೆಲ್ ಹೋಗುವ) ಇಂಜಿನ್ ಆದರೆ ಒತ್ತಡ ಸಾವಿರ ಬಾರ್‌ಗಿಂತ ಜಾಸ್ತಿ, ಅದನ್ನು ಆ ಯಂತ್ರ ಇರುವ ಕಡೆಗೇ ಕೊಡಬೇಕು. ಟ್ಯಾಂಕ್ ತಳದಲ್ಲಿ ನೀರು, ತುಕ್ಕು ಕೂತಿರುತ್ತದೆ, ತೊಳೆಸಿ. ಡೀಸೆಲ್ ಫಿಲ್ಟರ್ ಹೊಸದು ಹಾಕುವುದನ್ನು ಬೇರೆ ಹೇಳಬೇಕಾಗಿಲ್ಲ.

ಕ್ರ್ಯಾಂಕ್ ಜೊತೆಗೆ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಬೆಲ್ಟ್ ಇರುವ ಇಂಜಿನ್ ಆದರೆ ಬೆಲ್ಟು, ಟೆನ್ಷನರ್ ಕಡ್ಡಾಯವಾಗಿ ಹೊಸದು. ಚೈನ್ ಇದ್ದರೆ ಉದ್ದ ಬಂದಿದೆಯಾ, ಗೈಡ್ ಸವೆದಿದೆಯಾ ನೋಡಿಸಿ.

## ಇಂಜಿನ್ ಇಲ್ಲದಾಗ ಮಾತ್ರ ಕಾಣುವುದು

ಇಂಜಿನ್ ಮೇಲೆತ್ತಿದ ದಿನ ಒಂದು ಟಾರ್ಚ್ ಹಿಡಿದು ಆ ಖಾಲಿ ಜಾಗಕ್ಕೆ ಇಣುಕಿ. ಅಷ್ಟು ವರ್ಷದ ಮಣ್ಣು, ಆಯಿಲ್ ಅಂಟಿದ್ದನ್ನು ಮೊದಲು ವಾಟರ್ ವಾಶ್ ಮಾಡಿಸಿ. ಆಮೇಲೆ ಚಾಸಿಯ ಅಡ್ಡ ಪಟ್ಟಿಯಲ್ಲಿ ಬಿರುಕು, ತುಕ್ಕು ಇದೆಯಾ, ಬ್ರೇಕ್ ಪೈಪುಗಳು ಹೇಗಿವೆ, ವೈರಿಂಗ್ ಎಲ್ಲಿ ಉಜ್ಜಿ ಸಿಪ್ಪೆ ಹೋಗಿದೆ ಎಲ್ಲ ಕಾಣುತ್ತದೆ. ಮಂಗಳೂರು, ಕಾರವಾರದ ಕಡೆ ಓಡಿದ ಗಾಡಿ ಆದರೆ ಉಪ್ಪಿನ ಗಾಳಿಗೆ ತುಕ್ಕು ಜಾಸ್ತಿ, ಇನ್ನಷ್ಟು ಹುಷಾರಾಗಿ ನೋಡಿ.

ಇಂಜಿನ್ ಕೂರುವ ರಬ್ಬರ್ ಮೌಂಟುಗಳನ್ನು ಬದಲಾಯಿಸಿ. ಸತ್ತ ಮೌಂಟಿನ ಮೇಲೆ ಹೊಸ ಇಂಜಿನ್ ಕೂರಿಸಿದರೆ ಇಡೀ ಕ್ಯಾಬಿನ್ ನಡುಗುತ್ತದೆ, 'ಬೋರ್ ಸರಿಯಾಗಿ ಮಾಡಿಲ್ಲ' ಅಂತ ಲೇತಿನವರ ಮೇಲೆ ತಪ್ಪು ಹೊರಿಸುತ್ತೇವೆ. ಇಂಜಿನ್ನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿಯನ್ನು ವಾಪಸ್ ಹಾಕಿದ್ದಾರಾ ಅಂತ ಕಣ್ಣಾರೆ ನೋಡಿ. ಅದು ಇಲ್ಲದಿದ್ದರೆ ಸ್ಟಾರ್ಟರಿನ ಕರೆಂಟು ಆಕ್ಸಿಲರೇಟರ್ ಕೇಬಲ್ಲಿನಂಥ ದಾರಿ ಹುಡುಕಿಕೊಂಡು ಹೋಗುತ್ತದೆ, ಕೇಬಲ್ ಕಾದು ಸುಡುತ್ತದೆ.

## ಈಗ ಬೇಡವಾದದ್ದು

ಎಲ್ಲವನ್ನೂ ಒಟ್ಟಿಗೆ ಮಾಡಿಸಲು ಯಾರ ಕೈಯಲ್ಲೂ ಆಗುವುದಿಲ್ಲ. ಟೈರು, ಹಿಂದಿನ ಪಟ್ಟಾ ಸ್ಪ್ರಿಂಗ್, ಡಿಫರೆನ್ಷಿಯಲ್, ಬಾಡಿ ಟಿಂಕರಿಂಗ್, ಪೇಂಟ್ ಇವಕ್ಕೂ ಇಂಜಿನ್ ಇಳಿಸುವುದಕ್ಕೂ ಸಂಬಂಧವಿಲ್ಲ. ಯಾವಾಗ ಬೇಕಾದರೂ ಅಷ್ಟೇ ಕೂಲಿಗೆ ಆಗುತ್ತದೆ. ಸ್ಟಾರ್ಟರ್, ಆಲ್ಟರ್ನೇಟರ್ ಚೆನ್ನಾಗಿದ್ದರೆ ಬ್ರಷ್ ನೋಡಿಸಿ ಹಾಗೇ ಹಾಕಿ, ಹೊರಗಿನಿಂದಲೇ ಬಿಚ್ಚಬಹುದಾದ ವಸ್ತುಗಳು ಅವು. ದುಡ್ಡು ಕಡಿಮೆ ಬಿದ್ದರೆ ಪೇಂಟಿನ ದುಡ್ಡನ್ನು ರೇಡಿಯೇಟರಿಗೆ ಹಾಕಿ. ಬ್ರೇಕ್ ಮಾತ್ರ ಬೇರೆ ಲೆಕ್ಕ, ಅದು ಹಾಳಾಗಿದ್ದರೆ ಇಂಜಿನ್ ಇಳಿಸಿರಲಿ ಬಿಡಲಿ ಮಾಡಿಸಲೇಬೇಕು.

## ಆರ್‌ಸಿ ಮತ್ತು ಎಫ್‌ಸಿ

ಇರುವ ಬ್ಲಾಕನ್ನೇ ಬೋರ್ ಮಾಡಿಸಿದರೆ ಇಂಜಿನ್ ನಂಬರ್ ಬದಲಾಗುವುದಿಲ್ಲ. ಬ್ಲಾಕ್ ಬಿರುಕು ಬಿಟ್ಟು 'ಹಾಫ್ ಇಂಜಿನ್' (ಹೆಡ್ ಬಿಟ್ಟು ಕೆಳಗಿನ ಬ್ಲಾಕ್ ಭಾಗ) ಅಥವಾ ಬೇರೆ ಗಾಡಿಯ ಇಂಜಿನ್ ತಂದು ಹಾಕಿದರೆ ನಂಬರ್ ಬದಲಾಗುತ್ತದೆ. ಆಗ ಆರ್‌ಟಿಒದಲ್ಲಿ ಆರ್‌ಸಿಗೆ (ಗಾಡಿಯ ನೋಂದಣಿ ಪತ್ರಕ್ಕೆ) ಹೊಸ ನಂಬರ್ ಏರಿಸಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಬದಲಾವಣೆಗಳ ಬಗ್ಗೆಯೇ ಇದೆ. ಇಂಜಿನ್ ತರುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ, ಕೊಂಡ ಬಿಲ್ ಜೋಪಾನವಾಗಿಡಿ. ನಂಬರ್ ಹೊಂದದಿದ್ದರೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್) ಸಿಗುವುದಿಲ್ಲ, ಇನ್ಶೂರೆನ್ಸ್ ಕ್ಲೇಮಿಗೂ ತೊಂದರೆ. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷ ವರ್ಷವೂ ಎಫ್‌ಸಿ ಇರುವುದರಿಂದ ಈ ವಿಷಯ ಬೇಗನೇ ಎದುರಾಗುತ್ತದೆ.

## ಗಾಡಿ ಹೊರಗೆ ಬಂದ ಮೇಲೆ

ಮೊದಲ ಸ್ಟಾರ್ಟಿಗೆ ಮುಂಚೆ ಆಯಿಲ್ ಫಿಲ್ಟರಿಗೆ ಆಯಿಲ್ ತುಂಬಿ, ಡೀಸೆಲ್ ನಿಲ್ಲಿಸಿ, ಸೆಲ್ಫ್ ಹೊಡೆದು ಆಯಿಲ್ ದೀಪ ಆರುವ ತನಕ ಇಂಜಿನ್ ತಿರುಗಿಸಬೇಕು. ಒಂದೇ ಸಮ ಹೊಡೆಯದೆ ನಡುನಡುವೆ ಸೆಲ್ಫ್ ಮೋಟಾರಿಗೆ ಬಿಡುವು ಕೊಡಬೇಕು. ಒಣ ಬೇರಿಂಗ್ ಮೇಲೆ ಇಂಜಿನ್ ಹೊತ್ತಿಕೊಳ್ಳಬಾರದು ಅನ್ನುವುದಕ್ಕೆ ಇಷ್ಟೆಲ್ಲ. ನೀರು ತುಂಬಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿಯನ್ನೂ ತೆಗೆಯಬೇಕು. ಏರ್ ಲಾಕ್ ಆದರೆ ರೇಡಿಯೇಟರ್ ತುಂಬಿದ್ದರೂ ಹೆಡ್ ಒಣಗಿರುತ್ತದೆ.

ಹೊಸ ರಿಂಗುಗಳು ಸಿಲಿಂಡರ್ ಗೋಡೆಗೆ ಹೊಂದಿಕೊಳ್ಳಲು ಸ್ವಲ್ಪ ದಿನ ಬೇಕು. ಅದಕ್ಕಾಗಿ ಇಡೀ ದಿನ ಐಡಲ್‌ನಲ್ಲಿ ಬಿಡುವವರಿದ್ದಾರೆ. ಅದರಿಂದ ಉಪಯೋಗಕ್ಕಿಂತ ತೊಂದರೆಯೇ ಜಾಸ್ತಿ. ಒತ್ತಡ ಇಲ್ಲದಿದ್ದರೆ ರಿಂಗ್ ಗೋಡೆಗೆ ಒತ್ತಿ ಕೂರುವುದಿಲ್ಲ, ಗೋಡೆ ಗಾಜಿನ ಹಾಗೆ ನುಣುಪಾಗಿ ಆಯಿಲ್ ಕುಡಿಯುವ ಚಾಳಿ ಹಾಗೇ ಉಳಿದುಬಿಡುತ್ತದೆ. ಅರ್ಧ ಲೋಡಿನಲ್ಲಿ, ವೇಗ ಸ್ವಲ್ಪ ಏರಿಳಿಸುತ್ತಾ ಓಡಿಸುವುದು ಸರಿ. ಮೊದಲ 1000 ಕಿಲೋಮೀಟರ್ ಪೂರ್ತಿ ಲೋಡ್ ಬೇಡ, ಘಾಟ್ ಬೇಡ. ಹೆಡ್ ಬೋಲ್ಟ್ ಮತ್ತೆ ಟೈಟ್ ಮಾಡಬೇಕಾದ ಇಂಜಿನ್ ಯಾವುದು, ಬೇಡದ್ದು ಯಾವುದು ಅನ್ನುವುದು ಗ್ಯಾಸ್ಕೆಟ್ ಮತ್ತು ಬೋಲ್ಟಿನ ಮೇಲೆ ಹೋಗುತ್ತದೆ, ಕಂಪನಿ ಹೇಳಿದ ಹಾಗೆಯೇ ಮಾಡಿಸಿ.

500ರಿಂದ 1000 ಕಿಲೋಮೀಟರ್ ಒಳಗೆ ಮೊದಲ ಆಯಿಲ್ ಚೇಂಜ್. ಇನ್ನೂ ಹೊಸದಾಗೇ ಇದೆ ಅಂತ ಮುಂದಕ್ಕೆ ಹಾಕಬೇಡಿ. ಇಳಿಸಿದ ಆಯಿಲನ್ನು ಅಗಲವಾದ ತಟ್ಟೆಯಲ್ಲಿ ಹಿಡಿದು ಬಿಸಿಲಿನಲ್ಲಿ ನೋಡಿ, ಒಂದು ಅಯಸ್ಕಾಂತ ಆಡಿಸಿ. ಕಪ್ಪು ಪೇಸ್ಟಿನ ಹಾಗೆ ಸ್ವಲ್ಪ ಅಂಟಿದರೆ ಹೊಸ ರಿಂಗಿನ ಪುಡಿ, ಗಾಬರಿ ಬೇಡ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ, ಅಥವಾ ಅಯಸ್ಕಾಂತಕ್ಕೆ ಅಂಟದ ಬೇರಿಂಗ್ ಲೋಹದ ಹೊಳೆಯುವ ಚಕ್ಕೆಗಳು ಕಂಡರೆ, ಲೋಡ್ ಹಾಕುವ ಮೊದಲು ಅದೇ ತಟ್ಟೆಯನ್ನು ಮೆಕ್ಯಾನಿಕ್ಕಿಗೆ ತೋರಿಸಿ.